ಸ್ಟಾಫ್ ರೂಮಿನ ಇಂಗ್ಲಿಷು

ಠಣ್... ಠಣ್... ಎದುರಿಗೆ ಮನೆ ಕಟ್ಟಿಸುವವರು ಲಾರಿಯಿಂದ ಕಬ್ಬಿಣದ ಸರಳು ಇಳಿಸುತ್ತಿದ್ದರು. ಕೈಯಲ್ಲಿದ್ದ ಕಾಫಿ ಲೋಟ ಹಾಗೇ ನಿಂತಿತು. ಹಿಂದೂಪುರದ ನಮ್ಮ ಸ್ಕೂಲಿನ ಬೇವಿನ ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡಿಗೂ ಇದೇ ದನಿಯಿತ್ತು. ಅದನ್ನು ಹೊಡೆಯುತ್ತಿದ್ದವಳು ಆಯಮ್ಮ. ಮೊದಲ ಪೆಟ್ಟು ಮೆಲ್ಲಗೆ, ಎರಡನೆಯದು ಜೋರಾಗಿ. ಪುಟ್ಟ ಮಕ್ಕಳು ಬೆಚ್ಚಿಬೀಳಬಾರದಲ್ಲ, ಅದಕ್ಕೆ.

ಆ ಸ್ಕೂಲಿನಲ್ಲಿ ಟೀಚರಾಗಿದ್ದ ನಾನು ಕಾನ್ವೆಂಟಿನಲ್ಲಿ ಓದಿದವಳು. ನನ್ನ ಸಿಟ್ಟು, ಸುಸ್ತು, ನಗು ಎಲ್ಲವೂ ಇಂಗ್ಲಿಷಿನಲ್ಲೇ ಬಾಯಿಗೆ ಬರುತ್ತಿದ್ದವು. ಹೋಂವರ್ಕ್ ತರದ ಮಕ್ಕಳಿಗೆ ‘ಐ ವಿಲ್ ಕಿಲ್ ಯೂ’. ಬೇಸಿಗೆ ಬಂದರೆ ‘ದಿಸ್ ಹೀಟ್ ಈಸ್ ಕಿಲ್ಲಿಂಗ್ ಮಿ’. ಪರೀಕ್ಷೆಯ ಟೈಮ್‌ಟೇಬಲ್ ಕೈಗೆ ಬಂದರೆ ‘ಇದು ಸೂಸೈಡ್, ಪ್ಯೂರ್ ಸೂಸೈಡ್’. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು.

ಕಾಫಿ ತರುತ್ತಿದ್ದ ಆಯಮ್ಮನೂ ನಗುತ್ತಿದ್ದಳು. “ಬೆಳಗ್ಗಿಂದ ಮೂರು ಸತಿ ಸತ್ರಲ್ಲ ಟೀಚರಮ್ಮ! ನಾಕ್ನೇ ಸತಿ ಸಾಯೋದ್ಯಾವಾಗ? ಕಾಫಿ ಕುಡ್ಕಂಡು ಸಾಯ್ರಿ, ಆರೋಯ್ತದೆ,” ಅಂತ ಲೋಟ ಕುಕ್ಕುತ್ತಿದ್ದಳು. ಆದರೆ ‘ಸೂಸೈಡ್’ ಅಂದ ದಿನ ಮಾತ್ರ ಅವಳಿಗೆ ತಟ್ಟನೆ ಬೆಲ್ಲಿನ ನೆನಪಾಗುತ್ತಿತ್ತು, ಹೊರಟುಹೋಗುತ್ತಿದ್ದಳು. ಅದನ್ನು ನಾನು ನೋಡಿದ್ದೆ. ನೋಡಿಯೂ...

ಅವಳ ಊರು ಕಲ್ಯಾಣದುರ್ಗ. ಗಂಡ ಕಾಮಾಲೆಯಲ್ಲಿ ಹೋದ ಅಂತ ಹೇಳಿಕೊಂಡಿದ್ದಳು. ಒಬ್ಬಳೇ ಮಗಳು, ನಮ್ಮಲ್ಲೇ ಏಳನೇ ಕ್ಲಾಸು. ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಕವರಿನ ತುಂಬ ಕಾಗದ ತಂದು ನನ್ನ ಮುಂದಿಟ್ಟಳು. “ಪಾಪಂಗೆ ಹಾಸ್ಟೆಲ್ ಸೀಟಿಗೆ ಅವ್ರಪ್ಪಂದು ಡೆತ್ ಸರ್ಟಿಫಿಕೇಟ್ ಕೇಳ್ತವ್ರೆ. ಇದ್ರಾಗೆ ಯಾವ್ದು ಅಂತ ಒಂದೀಟು ನೋಡಮ್ಮ.”

ಹುಡುಕುವಾಗ ಅವಳ ಗಂಡನ ಆಸ್ಪತ್ರೆಯ ಕಾಗದ ಕೈಗೆ ಬಂತು. ಓದಿದೆ. ಓದಿ ಸುಮ್ಮನಿರಬಹುದಿತ್ತು. ನಾವು ಟೀಚರುಗಳಿಗೊಂದು ಚಾಳಿಯಿತ್ತು: ಆಯಮ್ಮನ ಎದುರೇ ಅವಳ ವಿಷಯ ಆಡಬೇಕಾದರೆ ಇಂಗ್ಲಿಷಿಗೆ ಹೊರಳುವುದು, ನಡುವೆ ಪರದೆ ಎಳೆದುಕೊಂಡ ಹಾಗೆ. ಪಕ್ಕದಲ್ಲಿದ್ದ ಮ್ಯಾಥ್ಸ್ ಟೀಚರ್ ಕಡೆ ತಿರುಗಿ, ‘ಇಟ್ ವಾಸ್ ಸೂಸೈಡ್! ಆ್ಯಂಡ್ ಶಿ ಟೋಲ್ಡ್ ಅಸ್ ಜಾಂಡಿಸ್,’ ಅಂದೆ. ಕದ್ದ ಮಾತಿನ ರುಚಿಯೂ ಇತ್ತೇನೋ ಆ ದನಿಯಲ್ಲಿ. ಆಯಮ್ಮ ಎರಡಡಿ ದೂರದಲ್ಲಿ ನಿಂತಿದ್ದಳು. ಬೇರೇನೂ ಕೇಳದೆ, “ಸಿಕ್ತಾ ಟೀಚರಮ್ಮ?” ಅಂದು ಕವರನ್ನು ಎದೆಗೆ ಅವಚಿಕೊಂಡು ಹೋದಳು.

ಮ್ಯಾಥ್ಸ್ ಟೀಚರ್ ಮನೆಯಲ್ಲಿ ಹೇಳಿದಳು. ಅವಳ ಮಗಳು ಅದೇ ಏಳನೇ ಕ್ಲಾಸಿನಲ್ಲಿ ಹೇಳಿದಳು. ನಾಲ್ಕನೇ ದಿನ ಮೂರನೇ ಪಿರಿಯಡ್ ಮುಗಿದರೂ ಬೆಲ್ ಆಗಲಿಲ್ಲ. ಕಿಟಕಿಯಿಂದ ನೋಡಿದರೆ ಬೇವಿನ ಮರದ ಕೆಳಗೆ ಆಯಮ್ಮ ಸುತ್ತಿಗೆ ಹಿಡಿದು ನಿಂತಿದ್ದಾಳೆ, ಎದುರಿಗೆ ಅವಳ ಮಗಳು. “ಅಮ್ಮಾ, ಅಪ್ಪಂಗೆ ಕಾಮಾಲೆ ಬಂದೇ ಇರ್ಲಿಲ್ವಂತೆ? ನೀನ್ಯಾಕೆ ಸುಳ್ಳು ಹೇಳ್ದೆ?” ಹುಡುಗಿಯ ದನಿ ನನ್ನ ಕ್ಲಾಸಿನವರೆಗೂ ಕೇಳಿತು. ಆಯಮ್ಮನ ಉತ್ತರ ಕೇಳಲಿಲ್ಲ.

ಸಂಜೆ ಬಂದು ನನ್ನ ಟೇಬಲ್ಲಿನ ಪಕ್ಕ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ, “ಯಾರು ಹೇಳಿದ್ರೋ ನಂಗೊತ್ತಿಲ್ಲ ಆಯಮ್ಮ,” ಅಂದುಬಿಟ್ಟೆ. ನಾಚಿಕೆಯಾಗುತ್ತದೆ ಬರೆಯುವುದಕ್ಕೆ.

“ನಿಮ್ ಇಂಗ್ಲಿಷು ನಂಗೆ ಬರಾಕಿಲ್ಲ ಕಣಮ್ಮ. ಆದ್ರೆ ಅದೊಂದು ಮಾತು ಬತ್ತದೆ. ಆಸ್ಪತ್ರೆಯೋರು, ಪೊಲೀಸ್ನೋರು, ನಮ್ಮನೆ ಮುಂದೆ ಓಡಾಡೋರು, ಎಲ್ರೂ ಅದ್ನೇ ಅಂದಿದ್ದು.” ಟೇಬಲ್ಲಿನ ಮೇಲಿದ್ದ ಖಾಲಿ ಲೋಟ ಎತ್ತಿಕೊಂಡಳು. “ಅವ್ಳು ಇನ್ನೊಂದೀಟು ದೊಡ್ಡೋಳಾಗ್ಲಿ, ನನ್ನ ಬಾಯಾಗೇ ಹೇಳಾನ ಅಂತಿದ್ದೆ. ಎಂಗೆ ಹೇಳ್ಬೇಕು ಅಂತಾನೂ ಮನ್ಸಾಗೆ ಇಟ್ಕಂಡಿದ್ದೆ. ಆ ಮಾತು ನಂದಾಗಿತ್ತು ಟೀಚರಮ್ಮ.”

ಅಷ್ಟೊಂದು ಇಂಗ್ಲಿಷಿನಲ್ಲಿ ದಿನಕ್ಕೆ ಹತ್ತು ಸಲ ಆಡುತ್ತಿದ್ದ ‘ಸಾರಿ’ ಕೂಡ ನನ್ನ ಬಾಯಿಗೆ ಬರಲಿಲ್ಲ.

ಈಗ ಮೊಮ್ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ‘ದಿಸ್ ಪ್ರಾಜೆಕ್ಟ್ ಈಸ್ ಕಿಲ್ಲಿಂಗ್ ಮಿ, ಅಜ್ಜಿ’ ಅನ್ನುತ್ತಾಳೆ. ಬಯ್ಯುವುದಿಲ್ಲ. ನೆಲ ಒರೆಸುವ ಹೆಂಗಸು ಬಾಗಿಲ ಹತ್ತಿರ ಇದ್ದಾಳೇನೋ ಅಂತ ಕಣ್ಣು ಆ ಕಡೆ ಹೋಗುತ್ತದೆ, ಅಷ್ಟೆ. ಆಯಮ್ಮ ಈಗ ಎಲ್ಲಿದ್ದಾಳೋ... ಇದ್ದಾಳೋ ಇಲ್ಲವೋ.

ಕೊನೆಯ ಸಲ ನೋಡಿದ್ದು ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ. ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಹೊರಟಿದ್ದಳು. ಸಾರಿ ಕೇಳಲೇಬೇಕು ಅಂತ ಬಿಸ್ಕತ್ ಪೊಟ್ಟಣ ಹಿಡಿದು ಓಡಿದ್ದೆ. “ಮತ್ತೆ ಕಲ್ಯಾಣದುರ್ಗಕ್ಕೇ ಯಾಕೆ ಆಯಮ್ಮ?” ಅಂದೆ.

“ಅಲ್ಲಿ ಎಲ್ರಿಗೂ ಗೊತ್ತದೆ ಕಣಮ್ಮ. ಹೊಸ್ದಾಗಿ ಹೇಳೋರು ಯಾರೂ ಇಲ್ಲ.”

ಡ್ರೈವರ್ ಹಾರ್ನ್ ಹೊಡೆದ. ಕಿಟಕಿಯಲ್ಲಿ ಪೊಟ್ಟಣ ಕೊಟ್ಟೆ. ಸಾರಿಯ ಬದಲು ಬಾಯಿಗೆ ಬಂದದ್ದು, “ಸದ್ಯ, ಕಿಟಕಿ ಸೀಟ್ ಸಿಕ್ತು. ಇಲ್ಲಾಂದ್ರೆ ಈ ರಶ್ಶಲ್ಲಿ ಸತ್ತೇ ಹೋಗ್ತಿದ್ರಿ.”

ಮೊದಲಿನ ಹಾಗೆ ಎಷ್ಟನೇ ಸಾವು ಅಂತ ಎಣಿಸಿ ಕುಟುಕುತ್ತಾಳೇನೋ ಅಂತ ಕಾದೆ. ಹುಡುಗಿ ತಲೆ ಬಗ್ಗಿಸಿದಳು. ಆಯಮ್ಮ ಪೊಟ್ಟಣವನ್ನು ಅವಳ ತೊಡೆಯ ಮೇಲಿಟ್ಟು ಕಿಟಕಿಯ ಶಟರ್ ಇಳಿಸಿದಳು. ಬಿಸಿಲಿಗಿರಬಹುದು ಅಂದುಕೊಂಡೆ... ಬಸ್ಸಿನ ಆ ಮಗ್ಗುಲಿಗೆ ಬಿಸಿಲಿರಲಿಲ್ಲ.