ಉಂಡ ಬಂದೇನಿ

ಸಿದ್ದರಾಯನನ್ನು ಅಂಬಾದಾಸ ಮೊದಲು ಕಂಡದ್ದು ೧೯೫೮ರ ಮಾರ್ಚ್ ತಿಂಗಳ ಒಂದು ಸೋಮವಾರ, ಟಿಕೋಟಾದ ತಮ್ಮ ಮನೆಯಲ್ಲೇ. ಮುಖಕ್ಕಿಂತ ಮೊದಲು ಕಂಡದ್ದು ಬೆನ್ನು. ಬಾಗಿಲ ಅಗಲವನ್ನೆಲ್ಲ ತುಂಬಿ ನಿಂತಿದ್ದ ಆ ಬೆನ್ನಿಗೆ ಅಂಗಿ ಬೆವರಿನಿಂದ ಅಂಟಿಕೊಂಡಿತ್ತು. ಕೈಯಲ್ಲಿ ಓಳಂಬದ ದಾರ, ದಾರದ ತುದಿಗೆ ಹಿತ್ತಾಳೆಯ ಗುಂಡು. ಪಡಸಾಲೆಯ ಗೋಡೆ ಎಷ್ಟು ವಾಲಿದೆ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

“ಈ ಗ್ವಾಡಿ ಕಟ್ಟಿದಾವ ಯಾರ್ರಿ? ಕುಡದು ಕಟ್ಟ್ಯಾನೇನು?”

“ನಮ್ಮಪ್ಪ ಕಟ್ಟಿದ್ದರಿ. ಈಗ ಇಲ್ಲ” ಎಂದ ಅಂಬಾದಾಸ.

ಆ ದೊಡ್ಡ ಮನುಷ್ಯ ನಾಲಿಗೆ ಕಚ್ಚಿಕೊಂಡ. ಗೋಡೆಯ ಮೇಲೆ ಅಂಗೈ ಇಟ್ಟು, “ಮೂವತ್ತ ವರ್ಷ ನಿಂತೈತಿ. ಕುಡದಾವನ ಕೆಲಸ ಅಲ್ಲ ಬಿಡ್ರಿ” ಎಂದು ಮಾತು ತಿದ್ದಿಕೊಂಡ.

ಅಂಬಾದಾಸ ಬಬಲೇಶ್ವರದ ಶಾಲೆಯಲ್ಲಿ ಮಾಸ್ತರನಾಗಿ ಆಗ ಒಂದು ವರ್ಷವಾಗಿತ್ತು. ಆ ಗೋಡೆ ಇಳಿಸಿ ಹೊಸದು ಕಟ್ಟಿಸಬೇಕೆಂದು ಕಳ್ಳಕವಟಗಿಯಿಂದ ಮೂವರು ಗೌಂಡಿಗಳನ್ನು ಕರೆಸಿದ್ದ. ಓಣಿಯವರು ಬುದ್ಧನ ದಾರಿ ಹಿಡಿದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಊರು ಮಾತ್ರ ಅವರನ್ನು ಮುಟ್ಟಿಸಿಕೊಳ್ಳದ ಹಳೆಯ ದಾರಿಯಲ್ಲೇ ಇತ್ತು. ಕೆಲಸಕ್ಕೆಂದು ಅಲ್ಲಿಗೆ ಬಂದವರು ಬುತ್ತಿ, ನೀರಿನ ಕೊಡ ಎರಡನ್ನೂ ತಾವೇ ತರುತ್ತಿದ್ದರು. ಯಾರಾದರೂ ಊಟಕ್ಕೆ ಏಳಿ ಎಂದರೆ ನಯವಾಗಿ, “ಉಂಡ ಬಂದೇನ್ರಿ” ಎನ್ನುತ್ತಿದ್ದರು. ಹಸಿದ ಹೊಟ್ಟೆಯಲ್ಲೂ ಹಾಗೆಯೇ ಅನ್ನುತ್ತಿದ್ದರು. ಆ ಮಾತಿನ ಅರ್ಥ ಓಣಿಯ ಕೂಸಿಗೂ ಗೊತ್ತಿತ್ತು.

ಮಧ್ಯಾಹ್ನ ಉಳಿದಿಬ್ಬರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಸಿದ್ದರಾಯನ ಬುತ್ತಿ ಮನೆಯಲ್ಲೇ ಉಳಿದಿತ್ತು. ಅವನು ಕೈಕಾಲು ತೊಳೆದು, ತಲೆ ಬಗ್ಗಿಸಿ ನೇರವಾಗಿ ಒಳಗೆ ಬಂದು, ಅಡುಗೆಮನೆಯ ಹೊಸ್ತಿಲ ಪಕ್ಕ ಕೂತ.

“ಏನ್ ಮಾಡೀಯ ಬೇ ಅಡಿಗಿ?”

ಅಂಬಾದಾಸನ ತಾಯಿ ಪರಸವ್ವ ಒಲೆಯ ಮುಂದಿದ್ದವಳು ಗಾಬರಿಯಿಂದ ತಿರುಗಿದಳು. “ನಮ್ಮನ್ಯಾಗ ಉಣ್ಣತೀರೇನ್ರಿ?”

“ಮತ್ತ ನಿಮ್ಮ ಗ್ವಾಡಿ ಕಟ್ಟಿ, ಉಣ್ಣಾಕ ಕಳ್ಳಕವಟಗಿಗೆ ಹೋಗಿ ಬರ್ಲೇನು?”

ಪುಂಡಿಪಲ್ಲೆ, ಹಸಿಮೆಣಸಿನಕಾಯಿ ಚಟ್ನಿ, ಬಿಸಿರೊಟ್ಟಿ. ಅವಳು ಬಡಿಯುತ್ತಾ ಹೋದಳು, ಅವನು ಉಣ್ಣುತ್ತಾ ಹೋದ. ಎಂಟು ರೊಟ್ಟಿಯಾದವು. ಹೊರಗಿನಿಂದ ಖಂಡಪ್ಪ ಎಂಬ ಗೌಂಡಿ ಕೂಗಿದ: “ಲೇ ಸಿದ್ದ್ಯಾ, ಅವರ ಮನಿ ಹಿಟ್ಟ ಖಾಲಿ ಮಾಡಿ ಬರ್ತಿ ಏನಲೇ? ನಾಳೆ ಊರಾಗ ಏನ್ ಹೇಳ್ತಿ?”

“ಪಲ್ಲೆಕ ಉಪ್ಪ ಸರಿ ಇತ್ತು ಅಂತ ಹೇಳ್ತೇನಿ” ಎಂದ ಸಿದ್ದರಾಯ, ತಲೆ ಎತ್ತದೆ.

ಪರಸವ್ವ ಮರುದಿನದಿಂದ ಅವನನ್ನು ‘ರಿ’ ಹಚ್ಚಿ ಕರೆಯುವುದನ್ನು ಬಿಟ್ಟಳು. ಗೋಡೆ ಮುಗಿದ ಮೇಲೂ ಸಂತೆಗೆ ಬಂದಾಗಲೆಲ್ಲ ಸಿದ್ದರಾಯ ಆ ಮನೆಯಲ್ಲೇ ಉಂಡುಹೋಗುತ್ತಿದ್ದ. ಪಕ್ಕದ ಮನೆಯ ಮುದುಕಿ ರುಕ್ಮವ್ವ, “ನಿನ್ನ ಹಿರೇ ಮಗ ಬಂದ ನೋಡ” ಎಂದು ನಗುತ್ತಿದ್ದಳು. ಪರಸವ್ವ ಇಲ್ಲವೆನ್ನುತ್ತಿರಲಿಲ್ಲ.

ನಾಲ್ಕು ವರ್ಷ ಹೀಗೆ ನಡೆಯಿತು. ೧೯೬೨ರ ಬೇಸಿಗೆಯಲ್ಲಿ ಅವನು ಬರುವುದು ನಿಂತಿತು. ಜ್ವರ ಬಂದಿದೆ ಎಂದು ಸುದ್ದಿ. ನಿಜ ಬೇರೆ ಇತ್ತು. ಅದು ಅಂಬಾದಾಸನಿಗೆ ತಿಳಿದದ್ದು ಎರಡು ವರ್ಷದ ಮೇಲೆ. ಹೊಟ್ಟೆಯ ಹುಣ್ಣು ಒಡೆದು ಸಿದ್ದರಾಯ ರಕ್ತ ಕಾರಿಕೊಂಡಿದ್ದ. ಹೆಂಡತಿ ಸಾವಂತ್ರವ್ವ ಅವನನ್ನು ಸೊಲ್ಲಾಪುರದ ದವಾಖಾನೆಗೆ ಒಯ್ದಿದ್ದಳು. ಅಲ್ಲಿ ಜಠರದ ಮೂರರಲ್ಲಿ ಎರಡು ಪಾಲು ಕತ್ತರಿಸಿ ತೆಗೆದು ಅವನ ಜೀವ ಉಳಿಸಿದ್ದರು. ಇನ್ನು ಮುಂದೆ ಎರಡು ತಾಸಿಗೊಮ್ಮೆ ಒಂದು ಹಿಡಿಯಷ್ಟೇ ತಿನ್ನಬೇಕು, ತಿಂದ ಮೇಲೆ ಮಲಗಬೇಕು, ಸಿಹಿ ಮುಟ್ಟಬಾರದು ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ಇನ್ನೂರ ಹತ್ತು ಪೌಂಡು ತೂಗುತ್ತಿದ್ದವನು ಒಂದು ವರ್ಷದಲ್ಲಿ ನೂರಾ ಇಪ್ಪತ್ತಕ್ಕೆ ಇಳಿದ. ಹೊಟ್ಟೆ ಕೊಯ್ಸಿಕೊಂಡವನ ಕೈಗೆ ಕಲ್ಲು ಕೊಡುವ ಗುತ್ತೇದಾರ ಆ ಸೀಮೆಯಲ್ಲಿರಲಿಲ್ಲ. ಆದ್ದರಿಂದ ಗಂಡಹೆಂಡತಿ ಜ್ವರವೆಂದೇ ಹೇಳುತ್ತ ಬಂದರು.

ಗುಣವಾಗಿ ಮೊದಲ ಸಲ ಟಿಕೋಟಾಕ್ಕೆ ಬಂದಾಗ ಪರಸವ್ವ ಅವನ ಗಲ್ಲ ಮುಟ್ಟಿ, “ಏನಾಗಿ ಹೋದ್ಯೋ ಯಪ್ಪಾ, ಬಾ, ಬಿಸಿರೊಟ್ಟಿ ಹಾಕ್ತೇನಿ” ಎಂದಳು. ಅವನು ಬಸ್ ಸ್ಟ್ಯಾಂಡಿನಲ್ಲಿ ಆಗಷ್ಟೇ ಅರ್ಧ ರೊಟ್ಟಿ ತಿಂದಿದ್ದ. ಇನ್ನೊಂದು ತುತ್ತು ಇಳಿಯುವಂತಿರಲಿಲ್ಲ.

“ಉಂಡ ಬಂದೇನಿ ಬೇ” ಎಂದ.

ಪರಸವ್ವನ ಕೈ ಅವನ ಗಲ್ಲದಿಂದ ಕೆಳಗಿಳಿದದ್ದನ್ನು ಅಂಬಾದಾಸ ನೋಡಿದ. ಮುಂದಿನ ಸಲವೂ ಅದೇ ಮಾತು, ಅದರ ಮುಂದಿನ ಸಲವೂ ಅದೇ. ಮೂರನೆಯ ಸಲ ಅವನು ಹೋದ ಮೇಲೆ ರುಕ್ಮವ್ವ ಗೋಡೆಯಾಚೆಯಿಂದ, “ಸಾಯಾಕ ಬಿದ್ದಾಗ ದೇವರ ಹತ್ರ ಏನ್ ಹರಕೆ ಹೊತ್ತಾನೋ ಏನೋ. ಜಾತಿ ನೆನಪಾಗೈತಿ ಬಿಡ” ಎಂದಳು. ಪರಸವ್ವ ಅವನನ್ನು ಮತ್ತೆ ‘ರಿ’ ಹಚ್ಚಿ ಕರೆಯತೊಡಗಿದಳು.

೧೯೬೪ರ ಮೇ ತಿಂಗಳಲ್ಲಿ ಅಂಬಾದಾಸನ ಮದುವೆ. ಸಿದ್ದರಾಯ ತೊಳೆದ ಅಂಗಿ ತೊಟ್ಟು ಬಂದ. ಅಂಗಿಯೊಳಗೆ ಇನ್ನೊಬ್ಬ ಮನುಷ್ಯ ಹಿಡಿಸುವಷ್ಟು ಜಾಗವಿತ್ತು. ಪಂಕ್ತಿ ಕೂತಿತ್ತು. ಪರಸವ್ವ ಎಲ್ಲರ ಮುಂದೆ, ನಗದೆ ಕೇಳಿದಳು: “ಇವತ್ತೂ ಉಂಡ ಬಂದೀರೇನ್ರಿ?”

ಓಣಿಯೆಲ್ಲ ಅವನತ್ತ ನೋಡಿತು. ಸಿದ್ದರಾಯ ಪಂಕ್ತಿಯ ನಡುವೆ ಕೂತ. ಎಲೆಯ ಮೇಲೆ ಬೆಲ್ಲದ ಗೋಧಿಹುಗ್ಗಿ ಬಿತ್ತು, ಮೇಲೆ ತುಪ್ಪ. ಎಲೆ ಬರಿದು ಮಾಡಿದ. ಎರಡನೆಯ ಸಲ ಬಡಿಸಿಕೊಂಡು ಅದನ್ನೂ ತಿಂದ. ಪರಸವ್ವನ ಮುಖ ಸಡಿಲಾಯಿತು. ಸವುಟು ತಾನೇ ಹಿಡಿದು, “ಇನ್ನೊಂದೀಟ ಹಾಕಿಸ್ಕೊ ಸಿದ್ದಪ್ಪ” ಎಂದು ಮೂರನೆಯ ಸಲ ಹಾಕಿದಳು. ಅವನು ಅದನ್ನೂ ತಿಂದ.

ಕಾಲು ತಾಸಿನೊಳಗೆ ಅವನ ಹಣೆಯಿಂದ ಬೆವರು ನೀರಿನಂತೆ ಸುರಿಯಿತು. ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಎದ್ದು ಹಿತ್ತಿಲಿಗೆ ಹೊರಟವನು ಅಲ್ಲಿಯವರೆಗೆ ತಲುಪಲಿಲ್ಲ. ಚಪ್ಪರದ ಕಂಬ ಹಿಡಿದು, ಪಂಕ್ತಿಯ ಎದುರಿಗೇ, ತಿಂದದ್ದನ್ನೆಲ್ಲ ಕಾರಿಕೊಂಡ.

“ನೋಡ್ರೆವ್ವಾ” ಎಂದಳು ರುಕ್ಮವ್ವ, “ನಮ್ಮ ಅನ್ನ ಒಳಗ ನಿಲ್ಲಲಿಲ್ಲ.”

ಅಂಬಾದಾಸ ಬಾಸಿಂಗದಲ್ಲೇ ಓಡಿಬಂದು ಅವನನ್ನು ಒಳಗೆ ಒಯ್ದು ಮಲಗಿಸಿದ. ಗಾಳಿಯಾಗಲೆಂದು ಅಂಗಿ ಬಿಚ್ಚಿದಾಗ ಎದೆಯಿಂದ ಹೊಕ್ಕುಳವರೆಗೆ ಇಳಿದಿದ್ದ ಹೊಲಿಗೆಯ ಗಾಯದ ಕಲೆ ಕಂಡಿತು. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಪರಸವ್ವನೂ ಅದನ್ನು ಕಂಡಳು. ಸಿದ್ದರಾಯ ಆಗ ಎಲ್ಲವನ್ನೂ ಹೇಳಿದ.

ಅವಳು ಕೊನೆಯವರೆಗೆ ಕೇಳಿಸಿಕೊಂಡಳು. “ನನಗರ ಹೇಳಬಾರದಿತ್ತೇನು? ಗಂಜಿ ಕಾಸಿ ಕೊಡ್ತಿದ್ದಿಲ್ಲೇನು ನಾ?”

“ನಿಮ್ಮ ಓಣ್ಯಾಗ ಹೇಳಿದ್ರ ಬಜಾರದಾಗ ಡಂಗುರ ಹೊಡದಂಗ ಬೇ. ನನ್ನ ಕೆಲಸ ಹೋಗತಿತ್ತು” ಎಂದ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

“ನಿಮ್ಮ ಓಣಿ” ಎಂದಳು ಪರಸವ್ವ, ಮೆಲ್ಲಗೆ. ತಂಬಿಗೆಯನ್ನು ಅವನ ಕೈಗೆ ಸಿಗುವಂತೆ ನೆಲದ ಮೇಲಿಟ್ಟು, ಚಪ್ಪರ ತೊಳೆಯಲು ಹೋದಳು.

ಅಂಬಾದಾಸನಿಗೆ ಮಾತ್ರ ಅವನು ಇನ್ನೊಂದು ಮಾತು ಹೇಳಿದ: “ಯಾರಿಗೂ ಹೇಳಬ್ಯಾಡ್ರಿ ಮಾಸ್ತರ. ಬಬಲೇಶ್ವರದಾಗ ಗೋದಾಮ ಕಟ್ಟೂ ಕೆಲಸ ಸಿಕ್ಕೈತಿ.” ಅಂಬಾದಾಸ ಮಾತು ಕೊಟ್ಟ. ಪರಸವ್ವನಿಂದ ಅವನು ಮಾತು ಕೇಳಿರಲಿಲ್ಲ, ಆದರೂ ಅವಳು ಬಾಯಿ ಬಿಡಲಿಲ್ಲ. ಓಣಿ ಮದುವೆಯ ಕಥೆಯನ್ನು ರುಕ್ಮವ್ವ ಹೇಳಿದಂತೆಯೇ ನಂಬಿತು. ಪರಸವ್ವ ಬಾವಿಕಟ್ಟೆಯಲ್ಲಿ ಅದನ್ನು ಕೇಳಿಸಿಕೊಂಡು ಕೊಡ ಹೊತ್ತು ಬರುತ್ತಿದ್ದಳು.

ಮುಂದಿನ ಎರಡು ವರ್ಷ ಅಂಬಾದಾಸ ಅವನನ್ನು ಬಬಲೇಶ್ವರದಲ್ಲಿ ದಿನವೂ ಎಂಬಂತೆ ನೋಡುತ್ತಿದ್ದ. ತುತ್ತು ತಿಂದು ಮಲಗಬೇಕಾದ ಹೊತ್ತಿನಲ್ಲಿ ಅವನು ಕಲ್ಲು ಏರಿಸುತ್ತಿದ್ದ. ಹೊಟ್ಟೆ ಖಾಲಿಯಾದರೆ ಕೈ ನಡುಗುತ್ತಿತ್ತು. ಕಿಸೆಯಿಂದ ನಾಲ್ಕು ಹುರಿಗಡಲೆ ಕಾಳು ತೆಗೆದು, ಬೆನ್ನು ತಿರುಗಿಸಿ ಜಗಿಯುತ್ತಿದ್ದ. ರಕ್ತ ಕಡಿಮೆಯಾಗಿ ಅಂಗೈ ಬಿಳಿಚಿಕೊಂಡಿತ್ತು. ೧೯೬೬ರ ಶ್ರಾವಣದಲ್ಲಿ, ಗುತ್ತೇದಾರ ಎದುರಿಗೇ ನಿಂತಿದ್ದ ಒಂದು ಮಧ್ಯಾಹ್ನ, ಕಿಸೆಗೆ ಕೈ ಹಾಕಲಾರದೆ ಕೆಲಸ ನಡೆಸಿದ. ಕಣ್ಣು ಕತ್ತಲಾಗಿ, ಬಿದಿರು ಹಲಗೆ ಕಟ್ಟಿದ ಪರಾಂಚಿಯ ಮೇಲಿಂದ ಬಿದ್ದ. ಸೊಂಟದ ಎಲುಬು ಮುರಿಯಿತು. ವಿಜಾಪುರದ ದವಾಖಾನೆಯಲ್ಲಿ ಹಳೆಯ ಗಾಯ ಎಲ್ಲರ ಕಣ್ಣಿಗೂ ಬಿತ್ತು. ಗೌಂಡಿಕೆಲಸ ಅಲ್ಲಿಗೆ ಮುಗಿಯಿತು.

ಸುದ್ದಿ ಟಿಕೋಟಾಕ್ಕೂ ಬಂತು. ರುಕ್ಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, “ನನ್ನ ನಾಲಗಿಗೆ ಬೆಂಕಿ ಬೀಳಲಿ, ಹೋಗಿ ನೋಡಿ ಬರೂಣ ನಡಿ” ಎಂದಳು. ಪರಸವ್ವ ಜೋಳದ ಗಂಜಿ ಕಾಸಿದಳು, ಉಪ್ಪು ನೋಡಿದಳು, ಡಬ್ಬಿಗೆ ತುಂಬಿದಳು. ಅಂಬಾದಾಸ ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿದಾಗ ಡಬ್ಬಿಯನ್ನು ತಿರುಗಿ ಪಾತ್ರೆಗೆ ಸುರುವಿದಳು.

“ಯಾಕ ಬೇ?”

“ಬ್ಯಾಡ. ಅಲ್ಲಿ ಹೋಗಿ ಕೊಟ್ಟ ಮ್ಯಾಲೆ ಉಂಡೇನಿ ಅಂದ್ರ, ಅದು ಖರೇನೋ ಸುಳ್ಳೋ ಅಂತ ನಾ ಮತ್ತ ಅವನ ಮುಖ ನೋಡಬೇಕು. ಅದು ನನ್ನಿಂದ ಆಗೂದಿಲ್ಲ.”

ರುಕ್ಮವ್ವನೇ ಅಂಬಾದಾಸನ ಜೊತೆ ಹೋಗಿಬಂದಳು. ಸಿದ್ದರಾಯ ಪರಸವ್ವ ಬಂದಿಲ್ಲವೆಂದು ನೋಡಿದ, ಯಾಕೆಂದು ಕೇಳಲಿಲ್ಲ.

ಅದಾಗಿ ಮೂರು ವರ್ಷವಾಯಿತು. ಸಿದ್ದರಾಯ ಟಿಕೋಟಾಕ್ಕೆ ಬಂದಿಲ್ಲ, ಪರಸವ್ವ ಅವನ ಹೆಸರು ಎತ್ತಿಲ್ಲ. ಅವನು ಈಗ ಹೆಂಡತಿಯೊಂದಿಗೆ ವಿಜಾಪುರದಲ್ಲಿದ್ದಾನೆ. ಗೋಳಗುಮ್ಮಟದ ಹತ್ತಿರ ಲಾಲಸಾಬ ಎಂಬವರ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಕೂತು ಪಂಕ್ಚರ್ ತಿದ್ದುತ್ತಾನೆ, ಮತ್ತು ಎರಡು ತಾಸಿಗೊಮ್ಮೆ ಒಂದು ಹಿಡಿ ತಿಂದು, ಅಂಗಡಿಯ ಹಿಂದೆ ಗೋಣಿತಟ್ಟಿನ ಮೇಲೆ ಮಲಗುತ್ತಾನೆ.