ಪಾಲ್ಮಾ ಉಳಿಸಿಕೊಂಡ ಕರಿ ದ್ರಾಕ್ಷಿ

ದಕ್ಷಿಣ ಇಟಲಿಯ ನಮ್ಮ ಬ್ರಿಂಡಿಸಿ ಕಡೆ ಸುಸುಮಾನಿಯೆಲ್ಲೊ ಎಂಬ ಕರಿ ದ್ರಾಕ್ಷಿಯನ್ನು ಕತ್ತೆ ಎಂದೇ ಕರೆಯುತ್ತಾರೆ. ಎಳೆಯ ಬಳ್ಳಿ ಕತ್ತೆಯ ಹಾಗೆ ಹೊರೆ ಹೊರುತ್ತದೆ. ವಯಸ್ಸಾದಂತೆ ಗೊಂಚಲು ಕಡಿಮೆಯಾಗುತ್ತದೆ. ಪಾಲ್ಮಾ ಗಂಡನನ್ನು ಕಳೆದುಕೊಂಡಾಗ ಅವಳ ತೋಟದ ಬಳ್ಳಿಗಳಿಗೆ ಹೆಚ್ಚುಕಡಿಮೆ ಅವಳದೇ ವಯಸ್ಸು. ಊರವರೆಲ್ಲ ಹಳೆಯ ಬಳ್ಳಿ ಕಿತ್ತು ತಿನ್ನುವ ಬಿಳಿ ದ್ರಾಕ್ಷಿ ಹಾಕುತ್ತಿದ್ದ ಕಾಲ ಅದು. ಸುಸುಮಾನಿಯೆಲ್ಲೊ ವೈನೇನಿದ್ದರೂ ಉತ್ತರದವರ ತೆಳು ವೈನಿಗೆ ಬಣ್ಣ ಕಟ್ಟಲು ಟ್ಯಾಂಕರಿನಲ್ಲಿ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅವಳ ಮೈದುನ ಒರೊಂಜೊ ಬಳ್ಳಿ ಕೀಳಲು ಟ್ರ್ಯಾಕ್ಟರ್ ತಂದು ಗೇಟಿನ ಮುಂದೆ ನಿಲ್ಲಿಸಿದ. ಅಣ್ಣನಿಲ್ಲದ ಮೇಲೆ ತೋಟದ ಯಜಮಾನಿಕೆ ತನ್ನದೆಂದು ಅವನು ತಿಳಿದಿದ್ದ. ಪಾಲ್ಮಾ ಗೇಟು ತೆರೆಯಲಿಲ್ಲ. ಚಿಕೋರಿ ಸೊಪ್ಪು ಸೋಸುತ್ತ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಳು.

"ಅತ್ತಿಗೆ, ಈ ಮುದಿ ಕತ್ತೆಗಳನ್ನ ಸಾಕಿ ಏನ್ಮಾಡ್ತೀಯಾ?"

"ನಿನ್ನನ್ನೇ ಸಾಕಿಲ್ವಾ? ಇವೇನು ಹೆಚ್ಚಾ?"

ಅವಳು ಮದುವೆಯಾಗಿ ಬಂದಾಗ ಒರೊಂಜೊ ತಾಯಿಯಿಲ್ಲದ ಮಗು. ಉಣ್ಣಿಸಿ ಬೆಳೆಸಿದವಳು ಅವಳೇ. ಅವನು ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ.

ಆ ವರ್ಷ ಪಾಲ್ಮಾ ಹಣ್ಣನ್ನು ಯಾರಿಗೂ ಕೊಡದೆ, ಬೇರಾವ ದ್ರಾಕ್ಷಿಯನ್ನೂ ಬೆರೆಸದೆ, ತಾನೇ ವೈನ್ ಮಾಡಿದಳು. ಪಕ್ಕದ ತೋಟದವಳಾದ ನಾನೂ ಕೈಜೋಡಿಸಿದೆ. ಬಾಯಿಗಿಟ್ಟರೆ ಬರೀ ಹುಳಿ, ಒಗರು. ಒರೊಂಜೊ ಅದನ್ನು ಊರಿಗೆಲ್ಲ ಸಾರಿ ನಕ್ಕ.

ಮರುವರ್ಷ ಎಲ್ಲರ ಕೊಯ್ಲು ಮುಗಿದರೂ ಅವಳು ಕತ್ತರಿ ಮುಟ್ಟಲಿಲ್ಲ. ಮಳೆ ಬಿದ್ದರೆ ಎಲ್ಲ ಕೊಳೆತುಹೋಗುತ್ತದೆಂದು ನಾನು ಬೈದೆ. ಮಳೆ ಬರಲಿಲ್ಲ, ಒಣ ಬಡಗಣ ಗಾಳಿ ಬೀಸಿ, ಹುಳಿ ಇಳಿದು ಕಾಯಿಗಳು ಚೆನ್ನಾಗಿ ಮಾಗಿದವು. ಆ ವೈನನ್ನು ಎರಡು ಚಳಿಗಾಲ ತೊಟ್ಟಿಯಲ್ಲಿ ಬಿಟ್ಟು, ಆಮೇಲೆ ಊರ ಹೋಟೆಲಿಗೆ ಒಂದಿಷ್ಟು ಕಳಿಸಿದಳು.

ಅಲ್ಲಿ ಅದನ್ನು ಕುಡಿದವರಲ್ಲಿ ಒರೊಂಜೊನ ಬೀಗರಾಗಲಿದ್ದವರೂ ಒಬ್ಬರು. ಲೆಚ್ಚೆಯವರು, ತಮ್ಮೂರಿನ ನೆಗ್ರೊಅಮಾರೊ ವೈನ್ ಬಿಟ್ಟು ಬೇರೆಯದನ್ನು ಹೊಗಳಿ ಗೊತ್ತಿಲ್ಲದವರು. ಮಕ್ಕಳ ಮದುವೆಗೆ ಇದೇ ವೈನ್ ಬೇಕೆಂದು ಪಟ್ಟು ಹಿಡಿದರು. ಒರೊಂಜೊ ಟೋಪಿ ಕೈಯಲ್ಲಿ ಹಿಡಿದು ಅತ್ತಿಗೆಯ ಗೇಟಿಗೆ ಬಂದ.

"ಮಗಳ ಮದ್ವೆಗೆ ವೈನ್ ಬೇಕಿತ್ತು."

"ಯಾವ ವೈನು?"

ಅವನು ನೆಲ ನೋಡಿದ. "ಸುಸುಮಾನಿಯೆಲ್ಲೊ."

"ಹೆಸ್ರು ಗೊತ್ತಿದೆಯಲ್ಲ. ಒಳಗ್ ಬಾ, ಊಟ ಮಾಡು."

ಮದುವೆಯ ದಿನ ಬೀಗರು ಲೋಟ ಹಿಡಿದು ಪಾಲ್ಮಾ ಕೂತಲ್ಲಿಗೆ ಬಂದು, ಎಲ್ಲರೂ ಎದ್ದು ನಿಲ್ಲಬೇಕೆಂದರು. ಇಡೀ ಚಪ್ಪರ ಎದ್ದಿತು. ವೈನಿನಿಂದ ಮದುಮಗಳ ತುಟಿಯೂ ಪಾದ್ರಿಯ ತುಟಿಯೂ ಒಂದೇ ನೇರಳೆ. ಪಾಲ್ಮಾ ಕಪ್ಪಾದ ಹಲ್ಲು ಬಿಟ್ಟು ನಗುತ್ತ, ಇನ್ನಷ್ಟು ಹಾಕೆಂದು ಮೈದುನನತ್ತ ಲೋಟ ಚಾಚಿದಳು. ಅವನು ತುಂಬಿಸಿದ, ಕಣ್ಣು ಒದ್ದೆಯಾಗಿತ್ತು.

ಮುಂದಿನ ಫೆಬ್ರವರಿಯಲ್ಲಿ ಬಳ್ಳಿ ಸವರುವಾಗ ಊರವರು ಕಸಿಯ ಕಡ್ಡಿಗೆಂದು ಅವಳ ಗೇಟಿನಲ್ಲಿ ಸಾಲುಗಟ್ಟಿದರು. ಎಲ್ಲರಿಗೂ ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಳು. ಒರೊಂಜೊನ ತೋಟಕ್ಕೆ ಮಾತ್ರ ತಾನೇ ಹೋಗಿ ಕಸಿ ಕಟ್ಟಿದಳು. ಅವನು ಕಟ್ಟಿದರೆ ಒಂದೂ ಚಿಗುರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.