ಊಟದ ಕಡೆಗೆ ಹೋದ ಗಿಟಾರು

ಮೊನ್ನೆ ಗೋಕಾಕದಿಂದ ಹುಕ್ಕೇರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಧುಪದಾಳ ದಾಟುವಷ್ಟರಲ್ಲಿ ಬಲಗಿವಿಯ ಇಯರ್‌ಫೋನ್ ಸತ್ತುಹೋಯಿತು. ಕೇಳುತ್ತಿದ್ದ ರಾಕ್ ಹಾಡಿನಲ್ಲಿ ಎರಡು ಗಿಟಾರುಗಳಿದ್ದವು; ಬಲಗಡೆಯದು ಆ ಕ್ಷಣವೇ ಮಾಯ. ಹಾಡುಗಾರ ಮಾತ್ರ ನಡುವೆ ನಿಂತವನು, ಉಳಿದ ಒಂದು ಕಿವಿಯಲ್ಲೂ ಹಾಯಾಗಿ ಹಾಡುತ್ತಲೇ ಇದ್ದ. ನನಗೆ ಚಂದ್ರು ಸರ್ ನೆನಪಾಗಿ ಮೈ ಉರಿಯಿತು.

ನೀವು ಅವರನ್ನು ನೋಡಿಲ್ಲ, ಪುಣ್ಯವಂತರು. ಗೋಕಾಕದಲ್ಲಿ ಮದುವೆಯ ವಿಡಿಯೋ ತೆಗೆಯುವ ತಮ್ಮ ಅಂಗಡಿಯ ಹಿಂದಿನ ಕೋಣೆಗೆ ಗೋಣಿಚೀಲ ಬಡಿದು, ‘ರೆಕಾರ್ಡಿಂಗ್ ಸ್ಟುಡಿಯೋ’ ಎಂದು ಬೋರ್ಡು ಹಾಕಿದ್ದರು. ಆ ಕತ್ತಲೆಯಲ್ಲೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ.

ಆಗ ನಮ್ಮದು ಮೂವರ ಬ್ಯಾಂಡು: ಗಿಟಾರಿಗೆ ಘೋಡಗೇರಿಯ ಶಿವಲೀಲಾ, ಡ್ರಮ್ಮಿಗೆ ಮೂಡಲಗಿಯ ದಸ್ತಗೀರ, ಹಾಡಲು ನಾನು. ಶಿವಲೀಲಾಳ ಅಪ್ಪ ಬಸಗೌಡರು ಗಿಟಾರನ್ನು ‘ತಂತಿ ಬೇಲಿ’ ಎನ್ನುತ್ತಿದ್ದರು. ಒಮ್ಮೆಯೂ ಕುಳಿತು ಕೇಳಿರಲಿಲ್ಲ. ಹಾಡು ರೆಕಾರ್ಡಾದ ಮೇಲೆ ಕೇಳುತ್ತೇನೆ, ಹಿಡಿಸದಿದ್ದರೆ ಗಿಟಾರು ಅಟ್ಟಕ್ಕೆ ಎಂಬುದು ಅವರ ಕರಾರು.

ಆ ಗೋಣಿಚೀಲದ ಕೋಣೆಯಲ್ಲಿ ಹಾಡಿಕೆ ಮುಗಿದು ಮಿಕ್ಸಿಂಗ್ ಶುರುವಾಯಿತು. ಅಂದರೆ ಯಾವ ವಾದ್ಯ ಯಾವ ಸ್ಪೀಕರಿನಲ್ಲಿ ಎಷ್ಟು ಕೇಳಬೇಕೆಂದು ಹಂಚುವ ಕೆಲಸ. ಚಂದ್ರು ಸರ್ ಗಿಟಾರನ್ನು ಪೂರ್ತಿ ಎಡಕ್ಕೆ ದೂಡಿದರು. ನನ್ನ ದನಿ, ಡ್ರಮ್ಮು ಪೂರ್ತಿ ಬಲಕ್ಕೆ. ನಡುವೆ ಸಂತೆ ಮುಗಿದ ಬಯಲು.

“ಸರ್, ಹಾಡಾಂವ ನಡುವ ಇರಬೇಕಲ್ರಿ?” ಎಂದೆ.

“ಸ್ಟೀರಿಯೋ ಅಂದ್ರ ಎರಡು ಕಡೆ. ನಡುವ ಇಡಾಕ ಇದೇನ್ ರೇಡಿಯೋ ಏನೋ?”

“ಒಂದ ಸ್ಪೀಕರ್ ಕೆಟ್ರ ಏನ್ ಮಾಡೂದ್ರಿ?” ಶಿವಲೀಲಾ ಕೇಳಿದಳು.

“ಕೆಟ್ಟ ಸ್ಪೀಕರಿನ್ಯಾಗ ಕೇಳೋ ಮಂದಿಗೆ ನಾ ಮಿಕ್ಸಿಂಗ್ ಮಾಡಂಗಿಲ್ಲವಾ.”

ನನಗೆ ಸಿಟ್ಟು ಬಂದದ್ದು ಬರೀ ಕಲೆಯ ಮೇಲಿನ ಕಾಳಜಿಯಿಂದ ಎಂದು ನೀವು ನಂಬಿದರೆ ಸಂತೋಷ.

ಹಾಡು ಮೊದಲು ಮೊಳಗಿದ್ದು ಮೂಡಲಗಿಯಲ್ಲಿ, ದಸ್ತಗೀರನ ಅಣ್ಣನ ಟೈರಿನ ಅಂಗಡಿಯ ಉದ್ಘಾಟನೆಯಲ್ಲಿ. ಬಸಗೌಡರು ಬಿಳಿ ಟೋಪಿ ಹಾಕಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ಮೈಕಿನವನು ಒಂದು ಸ್ಪೀಕರನ್ನು ಅಂಗಡಿಯ ಮುಂದೆ, ಇನ್ನೊಂದನ್ನು ಹಿಂದಿನ ಊಟದ ಶಾಮಿಯಾನದಲ್ಲಿ ಇಟ್ಟಿದ್ದ. ಹಾಡು ಶುರುವಾಯಿತು. ಮುಂದೆ ನನ್ನ ಗಂಟಲು, ದಸ್ತಗೀರನ ಬಡಿತ, ಅಷ್ಟೇ. ಗಿಟಾರಿನ ಸುಳಿವೇ ಇಲ್ಲ.

ಬಸಗೌಡರು ಮಗಳ ಕಡೆ ತಿರುಗಿದರು. “ಇದರಾಗ ನೀ ಎಲ್ಲಿದ್ದೀಯವಾ?”

ಶಿವಲೀಲಾ ಸ್ಪೀಕರಿನ ಕಡೆ ನೋಡಿದಳು. ಆಮೇಲೆ ಏನೋ ಹೊಳೆದು, ಅಪ್ಪನ ಕೈ ಹಿಡಿದು ಎಬ್ಬಿಸಿ ಹಿತ್ತಲ ಕಡೆ ನಡೆದಳು. ನಾನೂ ಹಿಂದೆಯೇ ಓಡಿದೆ. ಅಲ್ಲಿ ಪಲಾವು ಬಡಿಸುತ್ತಿದ್ದರು. ಸೌಟುಗಳ ಸದ್ದಿನ ಮೇಲೆ ಗಿಟಾರು, ಅದೊಂದೇ, ಯಾರ ಹಂಗೂ ಇಲ್ಲದೆ ಹರಿಯುತ್ತಿತ್ತು. ಬಸಗೌಡರು ಶಾಮಿಯಾನದ ಗಳ ಹಿಡಿದು ನಿಂತರು. ಬಡಿಸುವವರು ಅವರನ್ನು ಸುತ್ತು ಹಾಕಿ ಹೋಗಬೇಕಾಯಿತು. ಹಾಡು ಮುಗಿಯುವವರೆಗೂ ಅವರು ಕದಲಲಿಲ್ಲ.

“ಖರೇನ ಇದನ್ನ ನೀನ ಬಾರಿಸೀಯೇನ?”

“ಹೂನಪ್ಪಾ.”

“ಮತ್ತ ಆ ಕಡೆ ಒದರಾಕತ್ತಿದ್ನಲ್ಲ, ಅಂವ ಯಾಂವ? ಅಂವನ್ನ ಯಾಕ ಇಟ್ಕೊಂಡೀರಿ?”

ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಗಿಟಾರು ಅಟ್ಟ ಹತ್ತಲಿಲ್ಲ. ಚಂದ್ರು ಸರ್ ಮಾತ್ರ ಸುದ್ದಿ ತಿಳಿದದ್ದೇ ತಡ, “ನಾ ಬೇಕಂತನ ಹಂಗ ಮಾಡಿದ್ದೆ” ಎಂದು ಗೋಕಾಕದ ತುಂಬ ಹೇಳಿಕೊಂಡು ತಿರುಗಿದರು.

ಬಸ್ಸು ಹುಕ್ಕೇರಿ ಮುಟ್ಟಿತು. ಶಿವಲೀಲಾ ಈಗ ಇಲ್ಲಿಯೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಆ ಹಳೆಯ ಹಾಡನ್ನು ತಾನೇ ಹೊಸದಾಗಿ ಮಿಕ್ಸ್ ಮಾಡಿ, ಕೇಳಲು ನನ್ನನ್ನೂ ಅಪ್ಪನನ್ನೂ ಮನೆಗೆ ಕರೆದಿದ್ದಳು. ಗಿಟಾರನ್ನು ಎರಡು ಸಲ ಬಾರಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟಿದ್ದಾಳೆ, ಡ್ರಮ್ಮು ನಡುವೆ. ನನ್ನ ದನಿಯೂ ನಡುವೆಯೇ, ಆದರೆ ಪಡಸಾಲೆಯಲ್ಲಿ ಎಲ್ಲರೂ ಕುಳಿತಾಗ ಅಂಗಳದಿಂದ ಹಾಡಿದ ಹಾಗೆ. ಸ್ವಲ್ಪ ಏರಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದ ಬಸಗೌಡರು ತಲೆದೂಗಿದರು.

“ಈಗ ಪಾಡ ಐತಿ ನೋಡ ತಮ್ಮಾ. ನೀ ಸ್ವಲ್ಪ ದೂರ ನಿಂತೀದಿ.”

“ಹಂಗ ಇರಲಿ ಬಿಡವಾ,” ಎಂದೆ ಶಿವಲೀಲಾಳಿಗೆ.